ಹಿತ್ತಿಲ ತರಕಾರಿ ಒಟ್ಟಿಗೇ ಬಂದು ಬೀಳ್ತಿದೆ, ನೀವೆಲ್ಲ ಹೇಗೆ ಮಾಡಿ ತಿಂತೀರಿ?

ಹೊಸ ಹಿತ್ತಿಲು:
ಮೊದಲ ಸಲ ಮನೆ ಹಿಂದೆ ತರಕಾರಿ ಹಾಕಿದ್ದೀನಿ. ಎರಡು ತಿಂಗಳು ಬರೀ ಎಲೆ ನೋಡಿದ್ದೇ ಬಂತು. ಈಗ ನೋಡಿದರೆ ಬೆಂಡೆ, ಬೀನ್ಸ್, ಸೌತೆ, ಟೊಮೆಟೊ ಎಲ್ಲಾ ಒಂದೇ ಸಲ ಮೈಮೇಲೆ ಬಿದ್ದಿವೆ. ಕೆಲಸಕ್ಕೆ ಹೋಗೋಳು ನಾನು, ಹಾಗಾಗಿ ಭಾನುವಾರ ಎಲ್ಲಾ ಕಿತ್ತು, ತೊಳೆದು, ಫ್ರಿಜ್ಜಿಗೆ ತುಂಬಿಡ್ತೀನಿ. ಆದರೆ ಬೆಂಡೆ ನಾರು, ಟೊಮೆಟೊ ಸಪ್ಪೆ, ಸೌತೆಯಲ್ಲಿ ಒಂದೊಂದು ಕಹಿ. ಅಂಗಡಿಯದೇ ವಾಸಿ ಅಂತಾನೆ ಮಗ! ಅನುಭವ ಇರೋರು ಸ್ವಲ್ಪ ಹೇಳಿ.

ಹಳೇ ಬಾಣಲೆ:
ನಿಮ್ಮ ಅಡುಗೆಯಲ್ಲಿ ದೋಷ ಇಲ್ಲ. ಆ ಭಾನುವಾರವೇ ಕಳ್ಳ.

ಬೆಂಡೆ ನಿಮ್ಮ ರಜೆಗೆ ಕಾಯಲ್ಲ. ಹೂ ಬಿಟ್ಟು ನಾಲ್ಕೈದು ದಿನಕ್ಕೆಲ್ಲ ಕೊಯ್ಯೋ ಹದಕ್ಕೆ ಬಂದಿರುತ್ತೆ, ಬಿಸಿಲು ಚೆನ್ನಾಗಿದ್ದರೆ ಅದಾಗಿ ಎರಡೇ ದಿನಕ್ಕೆ ಕಟ್ಟಿಗೆ. ನನ್ನ ಮೊದಲ ವರ್ಷ ಎಲೆ ಮರೆಯಲ್ಲಿ ಒಂದು ಕಾಯಿ ಗೇಣುದ್ದ ಬೆಳೆದಿತ್ತು. ಇಷ್ಟು ದೊಡ್ಡದು ನಾನೇ ಬೆಳೆದೆ ಅಂತ ಹೆಮ್ಮೆಯಿಂದ ಅರ್ಧ ಗಂಟೆ ಬೇಯಿಸಿದೆ. ಹಗ್ಗ ಅಗಿದ ಹಾಗಿತ್ತು.

ಈಗ ದಿನ ಬಿಟ್ಟು ದಿನ ಬೆಳಿಗ್ಗೆ ಹತ್ತು ನಿಮಿಷ ಕತ್ತರಿ ಹಿಡಿದು ಒಂದು ಸುತ್ತು ಹಾಕ್ತೀನಿ. ಬೆಂಡೆ 8–10 ಸೆಂ.ಮೀ. ಇರುವಾಗಲೇ ಬುಟ್ಟಿಗೆ. ಅನುಮಾನ ಬಂದರೆ ತುದಿ ಮುರಿದು ನೋಡಿ: ಟಪ್ ಅಂದರೆ ಬಾಣಲೆಗೆ, ಬಾಗಿದರೆ ಗೊಬ್ಬರದ ಗುಂಡಿಗೆ. ಬೀನ್ಸನ್ನು ಒಳಗಿನ ಕಾಳು ಹೊರಗಿಂದ ಉಬ್ಬಿ ಕಾಣೋ ಮೊದಲೇ ಕೊಯ್ಯಿರಿ. ಕೊಯ್ದಷ್ಟೂ ಗಿಡ ಬಿಡುತ್ತೆ. ಕಾಯಿ ಬಲಿಯೋಕೆ ಬಿಟ್ಟಿರೋ, ಬೀಜ ಆಯ್ತಲ್ಲ ಅಂತ ಗಿಡ ಹೂ ಬಿಡೋದನ್ನೇ ಕಮ್ಮಿ ಮಾಡುತ್ತೆ.

ದಿನಕ್ಕೆ ಸಿಗೋದು ಒಂದು ಹಿಡಿ ಬೀನ್ಸ್, ಆರು ಬೆಂಡೆ, ಎರಡು ಟೊಮೆಟೊ. "ಇಷ್ಟರಲ್ಲಿ ಏನು ಮಾಡೋದು" ಅಂತ ನಮ್ಮನೆಯವರು ಗೊಣಗ್ತಿದ್ದರು. ಎಲ್ಲಾ ಸೇರಿಸಿ ಮಾಡೋದು, ಅಷ್ಟೇ. ಇವತ್ತು ಇಂಥದ್ದೇ ಅಡುಗೆ ಅಂತ ರಾತ್ರಿಯೇ ಯೋಚಿಸಿಟ್ಟುಕೊಳ್ಳೋ ಅಭ್ಯಾಸ ಬಿಟ್ಟೆ. ಬುಟ್ಟಿ ನೋಡಿ ಅಡುಗೆ.

ಬೆಂಡೆ ಲೋಳೆಗೆ ಒಂದು ಮಾತು. ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ ಆಮೇಲೆ ಹೆಚ್ಚಿ, ಚಾಕುವೂ ಒಣಗಿರಲಿ. ಅಗಲ ಬಾಣಲೆ, ಕಾದ ಎಣ್ಣೆ, ಮುಚ್ಚಳ ಬೇಡ, ಉಪ್ಪು ಕೊನೆಗೆ. ಮೊದಲ ಎರಡು ನಿಮಿಷ ಸೌಟು ಹಾಕದೆ ಬಿಡಿ, ಅಂಚು ಕಂದು ತಿರುಗಲಿ. ಮುಚ್ಚಿಟ್ಟರೆ ಅದರ ಹಬೆಯೇ ನೀರಾಗಿ ಮತ್ತೆ ಲೋಳೆ ಎಳೆಯುತ್ತೆ.

ಬಾಲ್ಕನಿ ಬೇಸಾಯ:
ಟೊಮೆಟೊವನ್ನ ಫ್ರಿಜ್ಜಿಂದ ಹೊರಗೆ ತೆಗೀರಿ ಮೊದಲು! ಸುಮಾರು 12 ಡಿಗ್ರಿಗಿಂತ ಕೆಳಗಿನ ತಂಪಲ್ಲಿ ದಿನಗಟ್ಟಲೆ ಇದ್ದರೆ ಅದರ ಪರಿಮಳವೇ ಹೋಗುತ್ತೆ, ತಿರುಳು ಹಿಟ್ಟುಹಿಟ್ಟಾಗುತ್ತೆ. ಫ್ರಿಜ್ಜು ಇರೋದೇ 4 ಡಿಗ್ರಿ ಆಸುಪಾಸಲ್ಲಿ. ಪೂರ್ತಿ ಕೆಂಪಾಗೋವರೆಗೆ ಗಿಡದಲ್ಲಿ ಬಿಡಬೇಕು ಅಂತಲೂ ಇಲ್ಲ. ಬಣ್ಣ ತಿರುಗೋಕೆ ಶುರುವಾದ ಮೇಲೆ ಕಿತ್ತು ಅಡುಗೆಮನೆ ಕಟ್ಟೆ ಮೇಲೆ ಇಟ್ಟರೆ ತಾನೇ ಹಣ್ಣಾಗುತ್ತೆ. ಹಕ್ಕಿ ಕಾಟವೂ ಇಲ್ಲ, ಮಳೆ ಬಿದ್ದು ಸಿಪ್ಪೆ ಸೀಳೋದೂ ಇಲ್ಲ.

ಹಸಿಯಾಗಿ ತಿನ್ನೋದಾದರೆ ಹೋಳು ಮಾಡಿ ಉಪ್ಪು ಉದುರಿಸಿ ಹತ್ತು ನಿಮಿಷ ಬಿಡಿ. ತಟ್ಟೆಯಲ್ಲಿ ಸೇರೋ ಆ ರಸ ಚೆಲ್ಲಬೇಡಿ ಮಾರಾಯ್ರೇ, ಅದರಲ್ಲೇ ಸೌತೆ ಹೋಳು ಹೊರಳಿಸಿ. ಜಾಸ್ತಿ ಬಂದಾಗ ನಾನು ಇಡೀ ಹಣ್ಣನ್ನೇ ತೊಳೆದು ಒರೆಸಿ ಫ್ರೀಜರಿಗೆ ಹಾಕ್ತೀನಿ. ಬೇಕಾದಾಗ ನಲ್ಲಿ ನೀರಿಗೆ ಹಿಡಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತೆ. ಹಸಿ ತಿನ್ನೋಕೆ ಬರಲ್ಲ, ಬೇಯಿಸೋಕೆ ಮಾತ್ರ.

ಮಣ್ಣುಗೈ:
ಸೌತೆ ಕಹಿ ಅಂದ್ರಲ್ಲ, ಅದನ್ನ ಯಾರೂ ಹೇಳಲಿಲ್ಲ. ಸೌತೆ, ಸೋರೆ, ಕುಂಬಳದ ಜಾತಿಯಲ್ಲಿ ಕುಕುರ್ಬಿಟಾಸಿನ್ ಅನ್ನೋ ಕಹಿ ಪದಾರ್ಥ ಇರುತ್ತೆ. ಬಿಸಿಲು ಜಾಸ್ತಿಯಾಗಿ ನೀರು ತಪ್ಪಿದರೆ ಸೌತೆಯಲ್ಲಿ ಹೆಚ್ಚಾಗುತ್ತೆ. ಸ್ವಲ್ಪ ಕಹಿಯಾದರೆ ತೊಟ್ಟಿನ ಕಡೆ ಎರಡು ಬೆರಳು ಕತ್ತರಿಸಿ, ಸಿಪ್ಪೆ ಹೆರೆದು, ಉಳಿದದ್ದನ್ನ ರುಚಿ ನೋಡಿ. ಆದರೆ ಸೋರೆ, ಕುಂಬಳ ಕಹಿಯಿದ್ದರೆ ಆ ಆಟ ಬೇಡ. ನಾಲಿಗೆಗೆ ತಾಗಿದ ಕೂಡಲೇ ಉಗಿದು ಇಡೀ ಕಾಯಿ ಎಸೀರಿ. ಬೇಯಿಸಿದರೂ ಆ ವಿಷ ಹೋಗಲ್ಲ. ಸೋರೆ ರಸ ಕಹಿಯಿದ್ದರೂ ಒಳ್ಳೇದು ಅಂತ ಕುಡಿದು ರಕ್ತವಾಂತಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ, ಪ್ರಾಣ ಬಿಟ್ಟವರೂ ಇದ್ದಾರೆ. ನಾನು ಹೆಚ್ಚೋ ಮೊದಲು ಪ್ರತಿ ಕಾಯಿಂದಲೂ ಉಗುರಿನಷ್ಟು ಚೂರು ನಾಲಿಗೆ ತುದಿಗೆ ಇಟ್ಟೇ ನೋಡೋದು.

ಕುಂಬಳ ಹಾಕಿದ್ದರೆ ಗಂಡು ಹೂವನ್ನೂ ತಿನ್ನಬಹುದು. ತೊಟ್ಟು ತೆಳ್ಳಗೆ ಉದ್ದಕ್ಕಿದ್ದರೆ ಗಂಡು, ಬುಡದಲ್ಲಿ ಪುಟ್ಟ ಮಿಡಿ ಇದ್ದರೆ ಹೆಣ್ಣು, ಅದನ್ನ ಮುಟ್ಟಬೇಡಿ. ಪರಾಗಕ್ಕೆ ಅಂತ ನಾಲ್ಕು ಗಂಡು ಹೂವೂ ಉಳಿದಿರಲಿ. ಕೀಳೋ ಮೊದಲು ಒಳಗೆ ಜೇನ್ನೊಣ ಇದೆಯಾ ಅಂತ ಇಣುಕಿ, ಅನುಭವದ ಮಾತು!

ಹೊಸ ಹಿತ್ತಿಲು:
ಬೀನ್ಸ್ ಏನೇ ಮಾಡಿದರೂ ಮಿಕ್ಕುತ್ತೆ, ಅದಕ್ಕೇನು ದಾರಿ? ತೊಳೆದಿಟ್ಟ ಸೊಪ್ಪು ಬೇರೆ ಮೂರೇ ದಿನಕ್ಕೆ ಕೊಳೀತಿದೆ.

ಹಳೇ ಬಾಣಲೆ:
ಕುದಿಯೋ ನೀರಲ್ಲಿ ಬೀನ್ಸ್ ಮೂರು ನಿಮಿಷ, ತಕ್ಷಣ ಐಸ್ ನೀರಲ್ಲಿ ಮತ್ತೆ ಮೂರು ನಿಮಿಷ, ಬಸಿದು ಪೂರ್ತಿ ಆರಿಸಿ ಫ್ರೀಜರಿಗೆ. ಹಸಿಯಾಗೇ ಇಟ್ಟರೆ ಒಳಗಿನ ಕಿಣ್ವಗಳು ಅಲ್ಲೂ ನಿಧಾನಕ್ಕೆ ಕೆಲಸ ಮಾಡಿ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತವೆ. ನೀರು ಆರದೆ ಇಟ್ಟರೆ ಕಲ್ಲಿನ ಗಡ್ಡೆ.

ಸೊಪ್ಪು ತೊಳೆದು ಇಡಬೇಡಿ, ಬಳಸೋವಾಗ ತೊಳೀರಿ. ಬೆಳಿಗ್ಗೆಯೇ ಕೊಯ್ಯಿರಿ, ಮಧ್ಯಾಹ್ನದ ಹೊತ್ತಿಗೆ ಎಲೆಯ ನೀರೆಲ್ಲ ಬಿಸಿಲಿಗೆ ಹೋಗಿರುತ್ತೆ. ಗಿಡ ಕೀಳೋ ಬದಲು ಹೊರಗಿನ ಎಲೆ ಮಾತ್ರ ಮುರಿದುಕೊಂಡರೆ ನಡುವಿನ ಕುಡಿ ಮತ್ತೆ ಚಿಗುರುತ್ತೆ. ಮೂಲಂಗಿ, ಬೀಟ್‌ರೂಟ್ ಕಿತ್ತ ಕೂಡಲೇ ಎಲೆ ಬೇರೆ ಮಾಡಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಹೀರಿ ಅದನ್ನ ಮೆತ್ತಗೆ ಮಾಡುತ್ತೆ. ಆ ಎಲೆಯನ್ನೂ ಬಾಡಿಸಿ ತಿನ್ನಿ, ಎಸೀಬೇಡಿ.

ಬಾಲ್ಕನಿ ಬೇಸಾಯ:
ಮುಂದಿನ ಸಲ ಬೀನ್ಸ್ ಬೀಜ ಒಂದೇ ದಿನ ಊರಬೇಡಿ. ಎರಡೆರಡು ವಾರ ಬಿಟ್ಟು ಸ್ವಲ್ಪ ಸ್ವಲ್ಪ ಹಾಕಿ. ನಾನಿದನ್ನ ಕಲಿಯೋಕೆ ಮೂರು ವರ್ಷ ಬೇಕಾಯ್ತು, ಅಷ್ಟರಲ್ಲಿ ಪಕ್ಕದ ಮನೆಯವರು ನನ್ನನ್ನ ಕಂಡರೆ ಬಾಗಿಲು ಹಾಕ್ಕೊಳ್ತಿದ್ದರು.

ಹೊಸ ಹಿತ್ತಿಲು:
ಇವತ್ತು ಬುಧವಾರ, ಕೆಲಸಕ್ಕೆ ಹೊರಡೋ ಮೊದಲೇ ಸುತ್ತು ಹಾಕಿದೆ. ಹನ್ನೊಂದು ಬೆಂಡೆ. ಒಂದು ಬಾಗಿತು, ಅದು ಗುಂಡಿಗೆ ಹೋಯ್ತು. ಉಳಿದದ್ದನ್ನ ಒರೆಸಿ, ಮುಚ್ಚದೆ, ಸೌಟು ಹಾಕೋ ಚಪಲ ತಡ್ಕೊಂಡು ಹುರಿದೆ. ಮಗ ಬಾಣಲೆ ಪಕ್ಕದಲ್ಲೇ ನಿಂತಿದ್ದ. ತಟ್ಟೆಗೆ ಬಡಿಸೋ ಹೊತ್ತಿಗೆ ನನ್ನ ಪಾಲಿಗೆ ಉಳಿದದ್ದು ಐದಾರು ಚೂರು.