ಪಕ್ಕದ ಮನೆಯ ನಿರಾಶ್ರಿತ ಕುಟುಂಬಕ್ಕೆ ಹೇಗೆ ನೆರವಾಗೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ (ಧಾರವಾಡದಿಂದ):
ನಮ್ಮ ಓಣಿಯಲ್ಲಿ ಆಫ್ಘಾನಿಸ್ತಾನದ ಒಂದು ಕುಟುಂಬ ಬಾಡಿಗೆಗಿದೆ. ಗಂಡ ಇಲ್ಲಿ ಓದಲು ಬಂದವರು. ಓದು ಮುಗಿಯುತ್ತಾ ಬಂದಿದೆ, ವಾಪಸ್ ಹೋಗಲು ಭಯ ಅಂತಾರೆ. ಒಬ್ಬ ಚಿಕ್ಕ ಮಗ, ಹೈಸ್ಕೂಲ್ ವಯಸ್ಸಿನ ಮಗಳು ಇದ್ದಾರೆ. ಓಣಿಯ ಕೆಲವರು ಸೇರಿ ಬಟ್ಟೆ, ರೇಷನ್, ಸ್ವಲ್ಪ ಹಣ ಕೊಡೋಣ ಅಂತ ಮಾತಾಡಿದ್ದೇವೆ. ಬೇರೆ ಏನಾದರೂ ಮಾಡಬೇಕಾ? ಮುಂಡಗೋಡದ ಟಿಬೆಟ್ ಕ್ಯಾಂಪಿನಲ್ಲಿ ಕೆಲಸ ಮಾಡಿದವರಿದ್ದರೆ ಅವರೂ ಹೇಳಿ.

ಹುಬ್ಬಳ್ಳಿ, ವಿದ್ಯಾನಗರ (ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕೆಲಸ ನೋಡಿಕೊಂಡವರು):
ಮೊದಲು ಅವರ ವೀಸಾ ಯಾವತ್ತು ಮುಗಿಯುತ್ತದೆ ಅಂತ ಕೇಳಿ. ಬಟ್ಟೆ, ರೇಷನ್ ಆಮೇಲೆ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಆಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಆಫ್ಘನ್ ವಿದ್ಯಾರ್ಥಿಗಳಿದ್ದರು. ಆ ದಿನಗಳಲ್ಲಿ ನಾನು ಮಾತಾಡಿದ ಆಫ್ಘನ್ ಹುಡುಗರೆಲ್ಲ ಎರಡೇ ವಿಷಯ ಕೇಳುತ್ತಿದ್ದರು. ಮನೆಯವರ ಫೋನ್ ಯಾಕೆ ಹತ್ತುತ್ತಿಲ್ಲ? ವೀಸಾ ಮುಗಿದರೆ ಏನು ಗತಿ? ಊಟ ಬೇಕು ಅಂತ ಯಾರೂ ಕೇಳಲಿಲ್ಲ.

ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಕಾನೂನಿನ ಕಣ್ಣಲ್ಲಿ ಅವರು ವಿದೇಶಿಯರು ಅಷ್ಟೇ. ವೀಸಾ ವಿಸ್ತರಣೆಗೆ ಅರ್ಜಿಯನ್ನು ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಹಾಕಬೇಕು, ಅವಧಿ ಮುಗಿಯುವ ಮೊದಲೇ ಹಾಕಬೇಕು. ಕಾಲೇಜಿನ ಬೋನಫೈಡ್ ಪತ್ರ, ಮನೆಯ ಬಾಡಿಗೆ ಕರಾರು ಎಲ್ಲ ಬೇಕಾಗುತ್ತದೆ. ಹೊಸ ಊರಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬರೇ ಈ ಕಾಗದಗಳ ಹಿಂದೆ ಓಡಾಡೋದು ಎಷ್ಟು ಕಷ್ಟ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಊರಿನವರೊಬ್ಬರು ಜೊತೆಗಿದ್ದರೆ ಕೌಂಟರ್‌ನಲ್ಲಿ ಮಾತಾಡಿಸುವ ರೀತಿಯೇ ಬೇರೆ. ಹೀಗಾಗಬಾರದು, ಆದರೆ ಆಗುತ್ತದೆ. ಅದಕ್ಕೇ ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ.

ವಾಪಸ್ ಹೋದರೆ ಜೀವಕ್ಕೆ ಅಪಾಯ ಅನ್ನುವಂತಿದ್ದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ, ಅಂದರೆ ಯುಎನ್‌ಎಚ್‌ಸಿಆರ್‌ನಲ್ಲಿ ಹೆಸರು ನೋಂದಾಯಿಸಲು ಕೇಳಿಕೊಳ್ಳಬಹುದು. ಅದರ ಕಚೇರಿ ದೆಹಲಿಯಲ್ಲಿದೆ. ಅಲ್ಲಿ ಯಾವ ಕೆಲಸಕ್ಕೂ ದುಡ್ಡು ತೆಗೆದುಕೊಳ್ಳುವುದಿಲ್ಲ. "ಇಷ್ಟು ಕೊಡಿ, ನಿರಾಶ್ರಿತರ ಕಾರ್ಡ್ ಮಾಡಿಸ್ತೀನಿ" ಅಂತ ಯಾರಾದರೂ ಬಂದರೆ ಮೋಸ ಅಂತಲೇ ತಿಳಿಯಿರಿ. ಇನ್ನೊಂದು ಮಾತು, ಆ ಕಾರ್ಡ್ ಸಿಕ್ಕರೂ ಅದು ವೀಸಾ ಆಗುವುದಿಲ್ಲ. ಹೋಗುವುದಾ, ಉಳಿಯುವುದಾ ಅನ್ನೋದು ಅವರ ನಿರ್ಧಾರ. ನೀವು ದಾರಿ ತೋರಿಸಿ, ಒತ್ತಾಯ ಬೇಡ.

ಹುಬ್ಬಳ್ಳಿ, ಕೇಶ್ವಾಪುರ (ಮನೆ ಬಾಡಿಗೆಗೆ ಕೊಟ್ಟವರು):
ಮನೆ ಮಾಲೀಕರು ವಿದೇಶಿ ಬಾಡಿಗೆದಾರರ ಮಾಹಿತಿ ಕೊಡುವ ಫಾರ್ಮ್ (ಮೊದಲು ಫಾರ್ಮ್ ಸಿ ಅಂತಿದ್ದರು) ಹಾಕಿದ್ದಾರಾ ಕೇಳಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಹಿತಿ ಕೊಡಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಪಾಸ್‌ಪೋರ್ಟ್, ವೀಸಾ ವಿವರ, ಫೋಟೊ ಸಾಕು. ಪೊಲೀಸ್ ಅಂದ ಕೂಡಲೇ ಮಾಲೀಕರು ಹೆದರಿ ಮನೆ ಕೊಡಲ್ಲ ಅಂತಾರೆ. ಹೇಗೆ ತುಂಬೋದು ಅಂತ ಪಕ್ಕದಲ್ಲಿ ಕೂತು ತೋರಿಸಿದರೆ ಎಷ್ಟೋ ಜನ ಒಪ್ಪುತ್ತಾರೆ.

ಧಾರವಾಡ (ನಿವೃತ್ತ ಶಿಕ್ಷಕಿ):
ನನ್ನ ಮನಸ್ಸು ಆ ಮಗಳ ಮೇಲೇ ನಿಂತಿತು. ಅವಳ ದೇಶದಲ್ಲಿ ಹೆಣ್ಣುಮಕ್ಕಳು ಆರನೇ ತರಗತಿ ದಾಟಿ ಓದುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಇಲ್ಲಿರುವಷ್ಟು ದಿನ ಅವಳು ಶಾಲೆಗೆ ಹೋಗಲೇಬೇಕು. ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ನಿಮ್ಮ ಓಣಿ ದೊಡ್ಡ ಕೆಲಸ ಮಾಡಿದ ಹಾಗೆ.

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ ಇದೆ. ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಮಗನಿಗೆ ಇದು ಸಾಕು. ಮಗಳಿಗೆ 14 ದಾಟಿದ್ದರೆ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಿ, ಆಗದಿದ್ದರೆ ಬಿಇಒ ಕಚೇರಿಗೆ ಹೋಗಿ. ಇಲ್ಲಿಯೂ ಜೊತೆಗೆ ಹೋಗೋದೇ ಮುಖ್ಯ.

ಭಾಷೆಗೆ ನಮ್ಮ ಅವಳಿ ನಗರದಲ್ಲಿ ಒಂದು ಅನುಕೂಲ ಇದೆ. ಆಫ್ಘನ್ನರಲ್ಲಿ ಬಹಳ ಜನ ದರಿ ಅಥವಾ ಪಶ್ತೋ ಮಾತಾಡುತ್ತಾರೆ, ಹಲವರಿಗೆ ಉರ್ದು, ಹಿಂದಿ ಅರ್ಥ ಆಗುತ್ತದೆ. ಉರ್ದು ಬಲ್ಲ ನೆರೆಯವರು ಪ್ರತಿ ಓಣಿಯಲ್ಲೂ ಸಿಗುತ್ತಾರಲ್ಲ, ಅವರನ್ನು ಮೊದಲೇ ಸೇರಿಸಿಕೊಳ್ಳಿ. ಕನ್ನಡ ಕಲಿಸುವಾಗ ಅಆಇಈಯಿಂದ ಶುರು ಮಾಡಬೇಡಿ. ತಾಯಿಗೆ ಬೇಕಾದದ್ದು "ಎಷ್ಟು?", "ಜಾಸ್ತಿ ಆಯ್ತು", "ಮಗನಿಗೆ ಜ್ವರ". ಚಿಗರಿ ಬಸ್ಸಿನಲ್ಲಿ ಒಮ್ಮೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ, ಸಂತೆಯಲ್ಲಿ ಜೊತೆಗೆ ತರಕಾರಿ ಕೊಳ್ಳಿ. ವಾರಕ್ಕೆ ಒಂದು ಸಂಜೆ ಅಂದರೆ ಆ ಸಂಜೆ ತಪ್ಪಿಸಬೇಡಿ. ಮೊದಲ ತಿಂಗಳು ಹತ್ತು ಮಂದಿ ಬಂದು ಆಮೇಲೆ ಯಾರೂ ಬಾರದೇ ಹೋದರೆ ಅವರಿಗೆ ತುಂಬಾ ನೋವಾಗುತ್ತದೆ.

ಕಲಘಟಗಿ (ಮುಂಡಗೋಡದ ಕ್ಯಾಂಪಿಗೆ ಹೋಗಿಬರುವವರು):
ಟಿಬೆಟಿಯನ್ನರ ಸ್ಥಿತಿ ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಅವರಿಗೆ ನೆಲೆ ಕೊಟ್ಟದ್ದು ಸರ್ಕಾರವೇ. ನಿಜಲಿಂಗಪ್ಪನವರ ಕಾಲದಲ್ಲಿ ನಮ್ಮ ರಾಜ್ಯ ಜಮೀನು ಕೊಟ್ಟಿತು, ಮುಂಡಗೋಡದ ವಸತಿ 1966ರಲ್ಲಿ ಶುರುವಾಯಿತು. ಅವರದೇ ಶಾಲೆ, ಆಸ್ಪತ್ರೆ, ವಸತಿ ಕಚೇರಿ ಇವೆ. ಅವರ ಹತ್ತಿರ ಆರ್‌ಸಿ ಅನ್ನೋ ನೋಂದಣಿ ಪುಸ್ತಕ ಇರುತ್ತದೆ, ಅದನ್ನು ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲೇ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಇದು ನಮ್ಮ ಕಡೆಯ ಬಹಳ ಜನಕ್ಕೆ ಗೊತ್ತೇ ಇಲ್ಲ.

ಗಂಟು ಕಟ್ಟಿಕೊಂಡು ನೇರವಾಗಿ ಕ್ಯಾಂಪಿಗೆ ಹೋಗೋದು ಬೇಡ. ವಸತಿ ಕಚೇರಿಯಲ್ಲಿ ಏನು ಬೇಕು ಅಂತ ಕೇಳಿ. ಅಲ್ಲಿ ಯುವಕರು ಹೊರದೇಶಕ್ಕೆ, ಬೇರೆ ಊರಿಗೆ ಹೋಗಿ ವಯಸ್ಸಾದವರೇ ಉಳಿದ ಮನೆಗಳಿವೆ. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಗೆ ಬರುವ ಅಜ್ಜ ಅಜ್ಜಿಯರಿಗೆ ಚೀಟಿ ಮಾಡಿಸಿ, ಡಾಕ್ಟರ್ ಹೇಳಿದ್ದನ್ನು ಕೇಳಿಸಿಕೊಂಡು, ಔಷಧಿ ಕೊಡಿಸಿ ಬಸ್ಸು ಹತ್ತಿಸುವವರು ಬೇಕು. ಇದು ಹುಬ್ಬಳ್ಳಿಯವರೇ ಮಾಡಬಹುದಾದ ಕೆಲಸ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವವರ ಜೊತೆ ಚೌಕಾಸಿ ಮುಗಿದ ಮೇಲೆ ಎರಡು ಮಾತಾಡಿ ನೋಡಿ, ಪರಿಚಯ ಅಲ್ಲಿಂದಲೇ ಬೆಳೆಯುತ್ತದೆ.

ಹುಬ್ಬಳ್ಳಿ (ಆಸ್ಪತ್ರೆಯಲ್ಲಿ ನರ್ಸ್):
ಡಾಕ್ಟರ್ ಮುಂದೆ ಮಗಳನ್ನು ಭಾಷಾಂತರಕ್ಕೆ ನಿಲ್ಲಿಸಬೇಡಿ. ಅಮ್ಮ ತನ್ನ ಮೈಯ ಕಷ್ಟ, ಊರಲ್ಲಿ ಕಂಡದ್ದು ಮಗಳ ಮುಂದೆ ಹೇಳುವುದಿಲ್ಲ. ಉರ್ದು ಬಲ್ಲ ಹೆಣ್ಣುಮಗಳೊಬ್ಬರು ಜೊತೆಗೆ ಹೋಗಲಿ. ನಿದ್ದೆ ಬರದು, ಸುಮ್ನೆ ಅಳು ಬರುತ್ತದೆ ಅಂದರೆ ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. 14416ಕ್ಕೆ ಕರೆ ಮಾಡಿದರೂ ಆಪ್ತ ಸಲಹೆ ಸಿಗುತ್ತದೆ, ಅದಕ್ಕೆ ಶುಲ್ಕ ಇಲ್ಲ. ನೀವಾಗಿ ಅವರ ಕಥೆ ಕೆದಕಬೇಡಿ.

ಗದಗ:
ಫೋಟೊ ಬೇಡವೇ ಬೇಡ. ರೇಷನ್ ಕೊಡುವ ಫೋಟೊ ಸ್ಟೇಟಸ್‌ಗೆ ಹಾಕಿದರೆ ಅದು ಎಲ್ಲೆಲ್ಲಿಗೆ ಹೋಗುತ್ತದೋ. ಊರಲ್ಲಿ ಉಳಿದ ಅವರ ಅಣ್ಣತಮ್ಮಂದಿರಿಗೆ ಅಪಾಯ. ಓಣಿ, ಕಾಲೇಜಿನ ಹೆಸರೂ ಬರೆಯಬೇಡಿ. ಹೊರದೇಶದ ನೆಂಟರು ದುಡ್ಡು ಕಳಿಸ್ತೀವಿ ಅಂದರೆ ನಿಮ್ಮ ಸಂಘದ ಖಾತೆಗೆ ಹಾಕಿಸಿಕೊಳ್ಳಬೇಡಿ, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ವೀಸಾಕ್ಕೆ ಇನ್ನೂ ಸಮಯ ಇದೆ, ಮಾಲೀಕರು ಆ ಫಾರ್ಮ್ ಹಾಕಿದ್ದಾರಂತೆ. ಏನು ಬೇಕು ಅಂತ ಕೇಳಿದ್ದಕ್ಕೆ ಅವರ ಹೆಂಡತಿ ಹೊಲಿಗೆ ಯಂತ್ರ ಅಂದರು. ಹೊಲಿದು ನಾಲ್ಕು ಕಾಸು ದುಡಿಯುವ ಆಸೆ. ಕೊಡಿಸಬಹುದಾ?

ಹುಬ್ಬಳ್ಳಿ, ವಿದ್ಯಾನಗರ:
ಯಂತ್ರ ಕೊಡಿಸಿ. ಆದರೆ ವಿದ್ಯಾರ್ಥಿ ವೀಸಾದಲ್ಲಿ ದುಡಿಯಲು ಅವಕಾಶ ಇಲ್ಲ, ಜೊತೆಗೆ ಬಂದ ಹೆಂಡತಿಗೂ ಇಲ್ಲ. ಗೊತ್ತಿಲ್ಲದೆ ಅಂಗಡಿಗೆ ಹೊಲಿದುಕೊಟ್ಟು ಅದೇ ಮುಂದೆ ವೀಸಾಕ್ಕೆ ಅಡ್ಡ ಬರಬಾರದು. ಮನೆಯವರಿಗೆ, ಮಕ್ಕಳಿಗೆ ಹೊಲಿಯಲಿ. ದುಡಿಮೆಯ ಪ್ರಶ್ನೆಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಹೋಗುವಾಗ ಪಾಸ್‌ಪೋರ್ಟ್, ವೀಸಾ ಎರಡರ ಜೆರಾಕ್ಸ್ ತೆಗೆದುಕೊಂಡು ಹೋಗಿ.