ಪ್ರಶ್ನೋತ್ತರ: ಹಾಯುವ ದನ, ಕಚ್ಚುವ ನಾಯಿ, ಎಲ್ಲಾ ಹಾರ್ಮೋನ್ ಆಟವೇನು?

ಅಡ್ಮಿನ್, ಹಾವೇರಿ: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಜಾನುವಾರುಗಳ ಸಿಟ್ಟು ಮತ್ತು ಹಾರ್ಮೋನ್. ನಮ್ಮ ಪಶುವೈದ್ಯರು ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬ್ಯಾಡಗಿ ರೈತ: ಸರ್, ಆರು ವರ್ಷದ ಹೋರಿಗೆ ಹೋದ ತಿಂಗಳು ಬೀಜ ಒಡೆಸಿದೆವು. ಇನ್ನೂ ಹೊಸಬರು ಬಂದರೆ ಹಾಯುತ್ತದೆ. ಸರಿಯಾಗಿ ಒಡೆದಿಲ್ಲವೇನು?

ಡಾಕ್ಟರ್: ಒಡೆದಿರುತ್ತದೆ. ಬೀಜದಲ್ಲಿ ತಯಾರಾಗುವ ಟೆಸ್ಟೋಸ್ಟಿರಾನ್ ರಕ್ತದಲ್ಲಿ ಬೇಗ ಇಳಿಯುತ್ತದೆ, ಆದರೆ ಆರು ವರ್ಷ ಹಾಯ್ದು ಹಾಯ್ದು ಕಲಿತ ಚಾಳಿ ಇಳಿಯುವುದಿಲ್ಲ. ಅದಕ್ಕೇ ಕರು ಇದ್ದಾಗಲೇ ಮಾಡಿಸಿ ಅನ್ನುವುದು. ಈ ಬೀಜದ ವಿಷಯ ಮೊದಲು ಗೊತ್ತಾಗಿದ್ದೇ ಹುಂಜದಿಂದ. 1849ರಲ್ಲಿ ಜರ್ಮನಿಯ ಬರ್ತೋಲ್ಡ್ ಅನ್ನುವವರು ಹುಂಜಗಳ ಬೀಜ ತೆಗೆದರು, ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು. ಕೆಲವಕ್ಕೆ ಬೀಜವನ್ನು ತಿರುಗಿ ಹೊಟ್ಟೆಯೊಳಗೆ ಇಟ್ಟರು ನೋಡಿ, ಹಳೇ ನರದ ಸಂಪರ್ಕ ಇಲ್ಲದಿದ್ದರೂ ಅವು ಮತ್ತೆ ಜಗಳಕ್ಕೆ ನಿಂತವು. ಅಂದರೆ ಆ ಸುದ್ದಿ ರಕ್ತದ ಮೂಲಕ ಹೋಗುತ್ತದೆ ಅಂತಾಯಿತು.

ಹೋರಿ ಅಭಿಮಾನಿ, ಹಾನಗಲ್: ಸರ್, ದೀಪಾವಳಿಯ ಹೋರಿ ಬೆದರಿಸುವ ಹಬ್ಬಕ್ಕೆ ನಮ್ಮ ಹೋರಿಗೆ ರೋಷ ಕಡಿಮೆ. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಹಾಕಬಹುದಾ? ಹುಬ್ಬಳ್ಳಿಯಲ್ಲಿ ಸಿಗುತ್ತದಂತೆ.

ಡಾಕ್ಟರ್: ಬೇಡ. ಹೊರಗಿನಿಂದ ಹಾಕಿದರೆ ಮಿದುಳು ಬೀಜಕ್ಕೆ ಕೊಡುವ ಹುಕುಂ ನಿಲ್ಲಿಸುತ್ತದೆ, ಬೀಜ ಸಣ್ಣದಾಗುತ್ತದೆ, ಹೋರಿ ಗಬ್ಬ ಕಟ್ಟಿಸಲೂ ಬರದಂತಾಗುತ್ತದೆ.

ನಾಯಿ ಸಾಕಿದವಳು, ಹುಬ್ಬಳ್ಳಿ: ನಮ್ಮ ಹೆಣ್ಣು ನಾಯಿಗೆ ಬೆದೆ ಮುಗಿದು ಎರಡು ತಿಂಗಳಾಯಿತು. ಈಗ ಚಪ್ಪಲಿ ಒಂದನ್ನು ಅವುಚಿಕೊಂಡು ಮಲಗುತ್ತದೆ, ಹತ್ತಿರ ಹೋದರೆ ಗುರ್ ಅನ್ನುತ್ತದೆ. ಮೊಲೆಯೂ ಊದಿದೆ.

ಡಾಕ್ಟರ್: ಸುಳ್ಳು ಬಸಿರು. ಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರಿದೆ, ಚಪ್ಪಲಿಯನ್ನೇ ಮರಿ ಅಂದುಕೊಂಡಿದೆ. ಮೊಲೆ ಹಿಂಡಬೇಡಿ, ಹಾಲು ಮತ್ತೆ ಬರುತ್ತದೆ. ಇದು ಪೂರ್ತಿ ಇಳಿಯುವ ತನಕ ಗರ್ಭಕೋಶದ ಆಪರೇಷನ್ ಮಾಡಿಸಬೇಡಿ, ಸಿಟ್ಟು ಹಾಗೇ ಉಳಿದುಬಿಡಬಹುದು.

ಸವಣೂರು: ಸರ್, ನಮ್ಮ ಜವಾರಿ ಆಕಳು ಎರಡು ದಿನದಿಂದ ಒಂದೇ ಸಮ ಒದರುತ್ತಿದೆ, ದನಿ ಒಡೆದಿದೆ. ಬೇರೆ ದನದ ಮೇಲೆ ಹತ್ತುತ್ತದೆ, ನಮ್ಮನ್ನೇ ಹಾಯಲು ಬರುತ್ತದೆ. ಬೆದೆ ಅಂತ ಹೋರಿ ಕೊಡಿಸಿದೆವು, ನಿಲ್ಲಲಿಲ್ಲ. ಜೊಲ್ಲು ಬಹಳ, ನೀರು ಒಳಗೆ ಇಳಿಯುತ್ತಿಲ್ಲ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ನನ್ನ ತಮ್ಮ ಕೈ ಹಾಕಿ ನೋಡಿದ. ಯಾವ ಹಾರ್ಮೋನ್ ಇಂಜೆಕ್ಷನ್ ಹಾಕಿಸಬೇಕು?

ಡಾಕ್ಟರ್: ಯಾವುದೂ ಬೇಡ. ಆಕಳ ಹತ್ತಿರ ಯಾರೂ ಹೋಗಬೇಡಿ. ಅಂಡಾಶಯದಲ್ಲಿ ಗುಳ್ಳೆಯಾದರೂ ಆಕಳು ಹೋರಿಯ ಹಾಗೆ ವರ್ತಿಸುತ್ತದೆ, ಬೇರೆ ದನ ಹತ್ತುತ್ತದೆ, ಆದರೆ ಆ ಆಕಳು ನೀರು ಕುಡಿಯುತ್ತದೆ, ಮೇವು ತಿನ್ನುತ್ತದೆ. ನಿಮ್ಮದು ಹಾಗಿಲ್ಲ. ದನಿ ಒಡೆಯುವುದು, ಜೊಲ್ಲು, ನುಂಗಲು ಬಾರದಿರುವುದು, ಇದ್ದಕ್ಕಿದ್ದಂತೆ ಹಾಯುವುದು ಇವೆಲ್ಲಾ ಕೂಡಿದರೆ ನಾನು ಮೊದಲು ರೇಬೀಸ್ ಅಂತಲೇ ಹಿಡಿಯುತ್ತೇನೆ. ಇದನ್ನು ಬೆದೆ ಅಂತಲೋ ಗಂಟಲಲ್ಲಿ ಮುಳ್ಳು ಸಿಕ್ಕಿದೆ ಅಂತಲೋ ತಿಳಿದು ಕೈ ಹಾಕುವವರೇ ಜಾಸ್ತಿ. ನಾಯಿ ಅಥವಾ ನರಿ ಕಚ್ಚಿದ್ದು ನೀವು ನೋಡಿರಲಿಕ್ಕಿಲ್ಲ, ಕಚ್ಚಿ ವಾರಗಟ್ಟಲೆ, ತಿಂಗಳುಗಟ್ಟಲೆ ಆದ ಮೇಲೂ ಲಕ್ಷಣ ಬರುತ್ತದೆ. ನಿಮ್ಮ ತಮ್ಮ ಈಗಲೇ ಕೈಯನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಲಿ, ಸೀದಾ ಸರಕಾರಿ ಆಸ್ಪತ್ರೆಗೆ ಹೋಗಲಿ. ಕೈಯಲ್ಲಿ ಗೀರು ಇದ್ದರೆ ಲಸಿಕೆಯ ಜೊತೆ ಸೀರಮ್ ಅನ್ನುವ ಇನ್ನೊಂದು ಚುಚ್ಚುಮದ್ದು ಕೂಡ ಬೇಕಾಗುತ್ತದೆ, ಅದನ್ನು ಹೇಳಿ ಕೇಳಲಿ. ಮನುಷ್ಯನಿಗೆ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧ ಇಲ್ಲ. ಹಾಲು ಕರೆಯಬೇಡಿ, ಡೈರಿಗೆ ಹಾಕಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಗೀರು ಇದೆಯಾ ಇಲ್ಲವಾ, ಹೇಳಿ.

ಮುಂಡರಗಿ ಮಾವ: ಬೆಲ್ಲ, ಸಾರಾಯಿ ಕಲಸಿ ಗೊಟ್ಟದಲ್ಲಿ ಕುಡಿಸಿ, ಉಷ್ಣ ಇಳಿದು ಶಾಂತವಾಗುತ್ತದೆ. ನಮ್ಮ ಹಿರಿಯರ ಮದ್ದು. ಹತ್ತು ಗ್ರೂಪಿಗೆ ಕಳಿಸಿ.

ಡಾಕ್ಟರ್: ಈಗಷ್ಟೇ ಬರೆದೆನಲ್ಲ! ಗೊಟ್ಟ ಹಾಕುವವನ ಕೈ ಆ ಬಾಯಿಯೊಳಗೇ ಹೋಗಬೇಕಲ್ಲವೇ? ನುಂಗಲು ಬಾರದ ದನಕ್ಕೆ ಏನು ಹೊಯ್ದರೂ ಶ್ವಾಸಕೋಶಕ್ಕೇ ಹೋಗುತ್ತದೆ. ಅಡ್ಮಿನ್, ಅಳಿಸಿ ಅದನ್ನು.

ಅಕ್ಕ, ನವನಗರ: ಡಾಕ್ಟ್ರೇ, ನನ್ನ ತಮ್ಮ ಜಿಮ್‌ನಲ್ಲಿ ಏನೋ ಇಂಜೆಕ್ಷನ್ ತಗೋತಾನೆ. ಈಗ ಮಾತೆತ್ತಿದರೆ ತಾಟು ಎಸೆಯುತ್ತಾನೆ.

ಡಾಕ್ಟರ್: ನಾನು ದನದ ಡಾಕ್ಟರ್ ರೀ. ಅದು ಟೆಸ್ಟೋಸ್ಟಿರಾನ್ ಜಾತಿಯ ಸ್ಟೀರಾಯ್ಡ್ ಇರಬೇಕು, ಅದರ ಪ್ರಮಾಣ ಮೈಯಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಕೆಲವರಿಗೆ ತಲೆ ಕೆಡುತ್ತದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಖಾಲಿ ಬಾಟಲಿಯನ್ನೂ ಒಯ್ಯಿರಿ.

ರಾಣೇಬೆನ್ನೂರು ಅಂಗಡಿ: ಗಂಡಸರಿಗೆ ಸಿಟ್ಟು ಸಹಜ ಅಕ್ಕಾರ. ಹಾರ್ಮೋನೇ ಹಾಗೆ.

ಅಕ್ಕ, ನವನಗರ: ಹೌದಾ? ಸಾಹೇಬರ ಮುಂದೆ ನಿಂತಾಗ ಆ ಹಾರ್ಮೋನ್ ಎಲ್ಲಿ ಹೋಗುತ್ತದೆ ರೀ?

ರಾಣೇಬೆನ್ನೂರು ಅಂಗಡಿ: ವಿಜ್ಞಾನ ಹೇಳಿದರೆ ಮೈಮೇಲೆ ಬರುತ್ತೀರಿ.

ಮೇಡಂ, ಗದಗ: ವಿಜ್ಞಾನ ಹಾಗೆ ಹೇಳುವುದಿಲ್ಲ. ಮನುಷ್ಯರಲ್ಲಿ ಆ ನಂಟು ಬಹಳ ತೆಳು. ಪಂದ್ಯ ಗೆದ್ದ ಮೇಲೂ ಟೆಸ್ಟೋಸ್ಟಿರಾನ್ ಏರುವುದುಂಟು, ಯಾವುದು ಮೊದಲು ಅಂತ ಹೇಗೆ ಹೇಳುತ್ತೀರಿ?

ಹೋರಿ ಅಭಿಮಾನಿ, ಹಾನಗಲ್: ಅಂದರೆ ಒಮ್ಮೆ ಗೆಲ್ಲಿಸಿದರೆ ಹೋರಿಗೆ ರೋಷ ಏರುತ್ತದೆ!

ಮೇಡಂ, ಗದಗ: ಮೊದಲು ಆ ಹೋರಿಯನ್ನು ಬೆದರಿಸಿ ಓಡಿಸುವುದು ಬಿಡಿ.

ಹೋರಿ ಅಭಿಮಾನಿ, ಹಾನಗಲ್: ನಮ್ಮ ಹೋರಿ ನಿಮಗಿಂತ ಚಲೋ ಉಣ್ಣುತ್ತದೆ ಮೇಡಂ. ಹಬ್ಬದ ಸುದ್ದಿಗೆ ಬರಬೇಡಿ.

ಶಿಗ್ಗಾವಿ: ಸರ್, ಮದವೇರಿದ ಆನೆಗೂ ಇದೇ ಹಾರ್ಮೋನಾ?

ಬಂಕಾಪುರ ಹುಡುಗ: ಸರ್, ನಮ್ಮ ಎತ್ತು ಬೀಜ ಒಡೆಸಿದರೂ ಹಾಯುತ್ತದೆ.

ಡಾಕ್ಟರ್: ಮೇಲೆ ಓದಿ. ಸವಣೂರಿನವರು ಎಲ್ಲಿ?

ರಾಣೇಬೆನ್ನೂರು ಅಂಗಡಿ: ಮೇಡಂ, ನೀವು ಕೋಳಿ ತಿನ್ನುವುದಿಲ್ಲವೇನು?

ಡಾಕ್ಟರ್: ನಿಲ್ಲಿಸ್ರೀ ನಿಮ್ಮ ಜಗಳ. ಇಲ್ಲಿ ಒಬ್ಬನ ಜೀವದ ಪ್ರಶ್ನೆ ಇದೆ, ಉತ್ತರ ಕಾಣದ ಹಾಗೆ ಮೇಲೆ ಮೇಲೆ ಹಾಕುತ್ತಿದ್ದೀರಿ.

ಸವಣೂರು: ಸರ್, ಫೋನ್ ಚಾರ್ಜ್ ಇರಲಿಲ್ಲ. ಬೆರಳಲ್ಲಿ ಗೀರು ಇದೆ, ಮೊನ್ನೆ ಕುಡುಗೋಲು ತಾಗಿದ್ದು. ಕೈ ತೊಳೆದ. ನಾಳೆ ಸಂತೆ ಮುಗಿಸಿ ಹೋಗುತ್ತಾನಂತೆ.

ಡಾಕ್ಟರ್: ಸಂತೆ ಸುಡಲಿ. ಈಗಲೇ ಹೊರಡಿಸಿ. ನಿನ್ನೆ ಇವತ್ತು ಹಾಲು ಕರೆದವರು ಯಾರು, ಜೊಲ್ಲು ಒರೆಸಿದವರು ಯಾರು? ಅವರನ್ನೂ ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ.

ಸವಣೂರು: ಅವ್ವ ಕರೆದದ್ದು. ಗಾಡಿ ತೆಗೆಯುತ್ತಿದ್ದೇನೆ ಸರ್.

ಹೋರಿ ಅಭಿಮಾನಿ, ಹಾನಗಲ್: ಸರ್, ಇಂಜೆಕ್ಷನ್ ಬೇಡ ಅಂದರೆ ಗುಳಿಗೆ ಆದರೂ ಇದೆಯಾ?

ಅಡ್ಮಿನ್, ಹಾವೇರಿ: ಇವತ್ತಿಗೆ ಬಂದ್ ಮಾಡುತ್ತಿದ್ದೇನೆ.