ಅಪ್‌ಡೇಟ್: ಬ್ರಿಟನ್‌ನ ಗ್ರಾಜುಯೇಟ್ ವೀಸಾ ಕೊನೆಗೂ ಸಿಕ್ಕಿತು

ಸ್ಟೂಡೆಂಟ್ ವೀಸಾ ಮುಗಿಯಲು 12 ದಿನ ಉಳಿದಿದೆ, ಸ್ನಾತಕೋತ್ತರ ಫಲಿತಾಂಶ ಬಂದಿದೆ, ಪದವಿ ಪತ್ರ ಬಂದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ನಿನ್ನೆ, ಓದು ಮುಗಿದ ಮೇಲೆ ಇಲ್ಲೇ ಉಳಿದು ಕೆಲಸ ಮಾಡಲು ಬಿಡುವ ಗ್ರಾಜುಯೇಟ್ ವೀಸಾ ಮಂಜೂರಾಯಿತು, ಎರಡು ವರ್ಷಕ್ಕೆ!

ಕೆಲಸಕ್ಕೆ ಬಂದದ್ದು ಒಂದೇ ಸಲಹೆ: "ನೀವು ಕೋರ್ಸ್ ಮುಗಿಸಿದ್ದನ್ನು ವಿಶ್ವವಿದ್ಯಾಲಯ ಹೋಮ್ ಆಫೀಸ್‌ಗೆ (ಬ್ರಿಟನ್‌ನ ಗೃಹ ಇಲಾಖೆಗೆ) ತಿಳಿಸಿದೆಯೇ ಎಂದು ಕೇಳಿ." ತಿಳಿಸಿರಲಿಲ್ಲ. ವೀಸಾ ಮುಗಿಯುವ ದಿನಾಂಕವನ್ನು ಇಮೇಲ್‌ನ ವಿಷಯದ ಸಾಲಿನಲ್ಲೇ ಬರೆದು, ಮರುದಿನ ವಿಶ್ವವಿದ್ಯಾಲಯದ ಕಚೇರಿಗೂ ಹೋದೆ. ಅಲ್ಲಿನ ಮಹಿಳೆ ನನ್ನೆದುರೇ ಕಡತ ತೆರೆದು ನೋಡಿದರು. ನಾಲ್ಕನೆಯ ದಿನ ಹೋಮ್ ಆಫೀಸ್‌ಗೆ ತಿಳಿಸಿದ್ದಾಗಿ ಖಚಿತಪಡಿಸಿದರು, ಆ ರಾತ್ರಿಯೇ ಅರ್ಜಿ ಹಾಕಿದೆ.

ಘಟಿಕೋತ್ಸವಕ್ಕೆ ಕಾಯಿರಿ ಎಂಬ ಸಲಹೆ ಪಾಲಿಸಿದ್ದರೆ ಅವಕಾಶವೇ ತಪ್ಪುತ್ತಿತ್ತು. ಪದವಿ ಪತ್ರ ಬೇಕಾಗಲೇ ಇಲ್ಲ. ಊರಿಗೆ ಹೋಗಿ ಅರ್ಜಿ ಹಾಕುವುದೂ ಆಗದ ಮಾತು: ಬ್ರಿಟನ್‌ನಲ್ಲಿ ಇದ್ದುಕೊಂಡೇ ಹಾಕಬೇಕು. ತೀರ್ಮಾನಕ್ಕೆ ಮುಂಚೆ ದೇಶ ಬಿಟ್ಟರೆ ಅರ್ಜಿ ಹಿಂಪಡೆದಂತೆ ಎಂದು ಪರಿಗಣಿಸುತ್ತಾರೆ.

ನನಗೆ ಅಚ್ಚರಿಯಾದದ್ದು, ಕೆಲಸದ ಆಹ್ವಾನ ಪತ್ರವನ್ನಾಗಲಿ ಬ್ಯಾಂಕ್ ಖಾತೆಯ ವಿವರವನ್ನಾಗಲಿ ಕೇಳಲಿಲ್ಲ. ಆದರೆ ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್‌ನಂತೆ ಎರಡು ವರ್ಷದ್ದನ್ನೂ ಅರ್ಜಿಯ ಜೊತೆಗೇ ಕಟ್ಟಬೇಕು, ಹಣ ಹೊಂದಿಸಿಟ್ಟುಕೊಳ್ಳಿ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ, ತೀರ್ಮಾನ ಬರುವವರೆಗೆ ಹಳೆಯ ವೀಸಾದ ಹಕ್ಕು ಮುಂದುವರಿಯಿತು.

ಇನ್ನೊಂದು ವಿಷಯ: 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ ಸಿಗುವುದು 18 ತಿಂಗಳು ಮಾತ್ರ. ವಿಶ್ವವಿದ್ಯಾಲಯವನ್ನು ಕೇಳಿ ಎಂದವರಿಗೆ ನಾನು ಋಣಿ.